ಘಟಪ್ರಭೆಯ ದಂಡೆಯ ಊರುಗಳೂ ಬೋಳು ಗುಡ್ಡಗಳೂ

ಗೋಕಾವಿಯೆಂಬ ಹೆಸರು ಗೋಕಿ ಎಂಬ ಮರದಿಂದ ಬಂದಿತೆಂದು ಕೆಲವರ ಅಭಿಪ್ರಾಯವುಂಟು. ಹುಕ್ಕೇರಿಯು ಹೂವಿನಕೇರಿಯ ಸಂಕ್ಷೇಪವೆಂದೂ, ಇಲ್ಲಿಯ ಗುಲಾಬಿಗಳು ವಿಜಾಪುರದ ಆದಿಲಶಾಹಿ ಅರಮನೆಗೆ ಹೋಗುತ್ತಿದ್ದುವೆಂದೂ ಪ್ರತೀತಿಯಿದೆ. ಹೆಸರುಗಳ ಮೂಲವನ್ನು ಶೋಧಿಸುವುದು ಪಂಡಿತರ ಕೆಲಸ. ಅದರಲ್ಲಿ ನಾವು ಕೈ ಹಾಕುವುದಿಲ್ಲ. ಆದರೆ ಗೋಕಾವಿಯ ಕೀರ್ತಿಯನ್ನು ಹೊರನಾಡಿಗೆ ಒಯ್ದ ಎರಡು ವಸ್ತುಗಳ ವಿಷಯದಲ್ಲಿ ಸಂಶಯಕ್ಕೆ ಎಡೆಯಿಲ್ಲ. ಒಂದು ಕರದಂಟು, ಇನ್ನೊಂದು ಕಟ್ಟಿಗೆಯ ಗೊಂಬೆ. ಕರದಂಟೆಂದರೆ ಕರಿದ ಅಂಟು. ಅಂಟೆಂದರೆ ದಿಂಡಲ, ಜಾಲಿ ಮೊದಲಾದ ಗಿಡಗಳ ಮೈಯಿಂದ ಒಸರುವ ಗೋಂದು. ಗೊಂಬೆಗೆ ಬೇಕಾದುದು ಹಗುರವೂ ಮೆದುವೂ ಆದ ಮರ. ಊರ ಸಿಹಿಯೂ ಊರ ಕಸಬೂ ಎರಡೂ ಗುಡ್ಡದ ಗಿಡಗಳಿಂದ ಹುಟ್ಟಿದವು. ಹೀಗಿರಲು, ಚೈತ್ರ ವೈಶಾಖಗಳಲ್ಲಿ ಊರ ಹೊರಗೆ ನಿಂತು ಗುಡ್ಡದ ಕಡೆಗೆ ಕಣ್ಣೆತ್ತಿದವನಿಗೆ ಕಾಣುವುದೇನು? ಬಿಸಿಲಿಗೆ ಕಾದ ಬಂಡೆ, ಅಲ್ಲಲ್ಲಿ ಮೊಣಕಾಲೆತ್ತರದ ಪೊದೆ, ಬೆಂಕಿಗೆ ಕಪ್ಪಾದ ಹುಲ್ಲು. ನೆರಳನ್ನು ಹುಡುಕಬೇಕಾದರೆ ಮತ್ತೆ ಊರಿಗೇ ಮರಳಿ ಯಾರದಾದರೂ ಜಗಲಿಯನ್ನೇರಬೇಕು.

ಈ ಮಾತನ್ನು ನಾವು ಕೇವಲ ಸೌಂದರ್ಯದ ದೃಷ್ಟಿಯಿಂದ ಎತ್ತುತ್ತಿಲ್ಲ. 2019ನೆಯ ಆಗಸ್ಟ್ ತಿಂಗಳಲ್ಲಿ ಘಟಪ್ರಭೆಯೂ ಮಾರ್ಕಂಡೇಯವೂ ಏಕಕಾಲಕ್ಕೆ ಉಕ್ಕಿ ಗೋಕಾಕ ಪಟ್ಟಣವನ್ನು ಹೊಕ್ಕುದನ್ನು ಇಲ್ಲಿಯ ಜನ ಮರೆತಿಲ್ಲ. ಲೋಳಸೂರಿನ ಸೇತುವೆ ಮುಳುಗಿತು. ಪೇಟೆಯಲ್ಲಿ ದೋಣಿಗಳು ಸಂಚರಿಸಿದವು. ನೂರಾರು ಕುಟುಂಬಗಳು ಉಟ್ಟ ಬಟ್ಟೆಯ ಮೇಲೆ ಮನೆ ಬಿಟ್ಟವು. ಹುಕ್ಕೇರಿ ತಾಲೂಕಿನಲ್ಲಿ ಹಿರಣ್ಯಕೇಶಿಯ ದಂಡೆಯ ಸಂಕೇಶ್ವರಕ್ಕೂ, ಕೆಳಗೆ ಮೂಡಲಗಿ ಸೀಮೆಯ ನದೀತೀರದ ಹಳ್ಳಿಗಳಿಗೂ ಅದೇ ಗತಿಯೊದಗಿತು. 2021ರಲ್ಲಿಯೂ 2024ರಲ್ಲಿಯೂ ಹೊಳೆ ತಾನು ಬಂದ ದಾರಿಯನ್ನು ಮತ್ತೆ ನೆನಪಿಸಿತು.

ಇಲ್ಲಿ ವಾಚಕರಲ್ಲಿ ಒಂದು ಭ್ರಮೆ ಹುಟ್ಟಬಾರದೆಂದು ಮೊದಲಿಗೇ ಸ್ಪಷ್ಟವಾಗಿ ಹೇಳುತ್ತೇವೆ. ಗೋಕಾವಿಯ ಗುಡ್ಡದ ಮೇಲೆ ಲಕ್ಷ ಗಿಡಗಳಿದ್ದರೂ 2019ರ ಮಹಾಪೂರ ನಿಲ್ಲುತ್ತಿರಲಿಲ್ಲ. ಆ ನೀರು ನಮ್ಮ ಗುಡ್ಡದ್ದಲ್ಲ. ಘಟಪ್ರಭೆ, ಹಿರಣ್ಯಕೇಶಿಗಳ ಉಗಮಗಳು ಆಂಬೋಲಿಯ ಸುತ್ತಿನ ಸಹ್ಯಾದ್ರಿಯಲ್ಲಿವೆ. ಅಲ್ಲಿ ವರ್ಷಕ್ಕೆ 6000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ, ನಮ್ಮಲ್ಲಿ 600 ಮಿಲಿಮೀಟರು ಬಂದರೆ ಅದು ಒಳ್ಳೆಯ ವರ್ಷ. 51 ಟಿ. ಎಂ. ಸಿ. ನೀರನ್ನು ಹಿಡಿಯುವ ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯವು ತುಂಬಿ, ಬಾಗಿಲುಗಳನ್ನು ತೆರೆದಾಗ, ಕೆಳಗಿನ ಊರಿನ ಗಿಡಗಳು ಏನು ತಾನೆ ಮಾಡಬಲ್ಲವು? ಗಿಡ ನೆಟ್ಟರೆ ಮಹಾಪೂರ ತಪ್ಪುವುದೆಂದು ಹೇಳುವವರು ಜನರನ್ನು ವಂಚಿಸುತ್ತಾರೆ; ಮಹಾಪೂರ ತಪ್ಪದೆಂದ ಮೇಲೆ ಗಿಡವೇಕೆಂದು ಕೇಳುವವರು ತಮ್ಮನ್ನೇ ವಂಚಿಸಿಕೊಳ್ಳುತ್ತಾರೆ.

ಅದೇ ವರ್ಷದ ಅಕ್ಟೋಬರಿನ ಸಂಗತಿಯನ್ನು ಸ್ಮರಿಸಿರಿ. ಹೊಳೆ ಇಳಿದುಹೋಗಿತ್ತು. ಆದರೆ ಹಿಂಗಾರಿನ ಮಳೆಗೆ ಊರಿಗಂಟಿದ ಮಲ್ಲಿಕಾರ್ಜುನ ಗುಡ್ಡದ ಮಣ್ಣು ಕೊಚ್ಚಿ, ದೊಡ್ಡ ಬಂಡೆಗಳು ಬುಡ ಸಡಲಿ, ಕೆಳಗಿನ ಮನೆಗಳವರು ಜೀವವನ್ನು ಅಂಗೈಯಲ್ಲಿ ಹಿಡಿದುಕೊಂಡು ದಿನಗಳೆಯಬೇಕಾಯಿತು. ಆ ಆಪತ್ತು ಆಂಬೋಲಿಯಿಂದ ಬಂದುದಲ್ಲ, ಹಿಡಕಲ್ಲಿನಿಂದ ಬಂದುದೂ ಅಲ್ಲ. ಅದು ನಮ್ಮ ಗುಡ್ಡದ್ದು, ನಮ್ಮ ಮಳೆಯದು. ಅದರ ಉತ್ತರವಾದಿತ್ವವನ್ನು ಯಾವ ಜಲಾಶಯದ ಮೇಲೂ ಹೊರಿಸಲು ಬಾರದು.

ಒಂದು ಸಣ್ಣ ಲೆಕ್ಕವನ್ನು ಓದುಗರ ಮುಂದಿಡುತ್ತೇವೆ. ಒಂದು ಎಕರೆ ನೆಲದ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಹೆಚ್ಚುಕಡಿಮೆ 1 ಲಕ್ಷ ಲೀಟರು ನೀರು. ನೂರು ಎಕರೆಯ ಗುಡ್ಡದ ಮೇಲೆ ಒಂದು ಸಾಯಂಕಾಲ ಒಂದಂಗುಲ ಹೊಡೆದರೆ 1 ಕೋಟಿ ಲೀಟರು. ಗುಡ್ಡದಲ್ಲಿ ಗಿಡ, ಪೊದೆ, ಹುಲ್ಲುಗಳು ಇದ್ದರೆ ಹನಿಯ ಪೆಟ್ಟನ್ನು ಎಲೆ ತಾಳುತ್ತದೆ. ಬಿದ್ದ ನೀರನ್ನು ಒಣಗಿದ ಎಲೆಯ ಹಾಸು ತಡೆಯುತ್ತದೆ. ಬೇರು ಬಿಟ್ಟ ದಾರಿಯಲ್ಲಿಯೂ ಇರುವೆ ಗೆದ್ದಲುಗಳು ಕೊರೆದ ರಂಧ್ರಗಳಲ್ಲಿಯೂ ಅದು ಒಳಗಿಳಿಯುತ್ತದೆ. ವಾರಗಳಾದ ಮೇಲೆ ಕೆಳಗಿನ ಬಾವಿಯಲ್ಲಿ ತಲೆಯೆತ್ತುತ್ತದೆ. ಗುಡ್ಡ ಬೋಳಾಗಿದ್ದರೆ ಅದೇ ಕೋಟಿ ಲೀಟರು ಒಂದೆರಡು ತಾಸಿನಲ್ಲಿ ಮಣ್ಣು ಕಲ್ಲುಗಳೊಡನೆ ಓಣಿಗಳಿಗೆ ಇಳಿಯುತ್ತದೆ. ಗೋಕಾವಿಯ ಗುಡ್ಡಗಳು ಮರಳುಗಲ್ಲಿನವು. ಬಂಡೆಯ ಮೇಲಣ ಮಣ್ಣು ಅಲ್ಲಿ ಗೇಣುದ್ದ. ಅದು ಒಮ್ಮೆ ಕೊಚ್ಚಿತೆಂದರೆ ಮರಳಿ ಕೂಡುವುದಕ್ಕೆ ನಮ್ಮ ಮೊಮ್ಮಕ್ಕಳ ಕಾಲವೂ ಸಾಲದು.

ಆದುದರಿಂದ ನಮ್ಮ ಅಭಿಪ್ರಾಯವಿದು: ಗುಡ್ಡದ ನೆತ್ತಿಯಿಂದ ಹಳ್ಳದ ಮುಖಾಂತರ ಹೊಳೆಯ ದಂಡೆಯವರೆಗೆ ನೀರು ನಡೆಯುವ ದಾರಿಯಷ್ಟೂ ಒಂದೇ ಊರು. ಕಾಗದದ ಮೇಲೆ ಅದು ಹಂಚಿಹೋಗಿದೆ. ಗುಡ್ಡ ಅರಣ್ಯ ಇಲಾಖೆಯದು, ಅದರ ತಪ್ಪಲು ಕಂದಾಯದ್ದು, ಹಳ್ಳ ಯಾರದೂ ಅಲ್ಲ, ಗಟಾರ ಪುರಸಭೆಯದು, ಹೊಳೆ ನೀರಾವರಿಯದು. ಗುಡ್ಡದಲ್ಲಿ ಹುಟ್ಟಿದ ಮಳೆಹನಿಯು ಹೊಳೆಯನ್ನು ಸೇರುವಷ್ಟರಲ್ಲಿ ನಾಲ್ಕು ಕಚೇರಿಗಳ ಮೇರೆಗಳನ್ನು ದಾಟುತ್ತದೆ. ಒಬ್ಬರೂ ಅದನ್ನು ತಡೆದು ಕೇಳುವುದಿಲ್ಲ. ಈ ದಾರಿಗೆ ಮತ್ತೆ ಹಸಿರು ಹೊದಿಸುವ ಕೆಲಸವನ್ನು ಉದ್ಯಾನದ ಅಲಂಕಾರವೆಂದು ಎಣಿಸದೆ ಊರಿನ ನೀರಿನ ಕೆಲಸವೆಂದೇ ಎಣಿಸಬೇಕು.

ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ಒಂದು ವಿಶೇಷವಾದ ಋಣವಿದೆ. 1930ರ ಕಾಯದೆಭಂಗದ ಕಾಲದಲ್ಲಿ ಮುಂಬಯಿ ಕರ್ನಾಟಕದ ಜಿಲ್ಲೆಗಳಲ್ಲಿ ಜಂಗಲ್ ಸತ್ಯಾಗ್ರಹವು ನಡೆಯಿತು. ಮೇವಿಗೂ ಕಟ್ಟಿಗೆಗೂ ಅಡ್ಡಬಂದ ಪರಕೀಯ ಸರಕಾರದ ಅರಣ್ಯ ಕಾನೂನನ್ನು ಜನರು ಬಹಿರಂಗವಾಗಿ ಮುರಿದರು. ಹೆಂಡದ ಉತ್ಪನ್ನಕ್ಕೆ ಆಧಾರವಾದ ಈಚಲ ಮರಗಳನ್ನು ಕಡಿದು ಸೆರೆಮನೆ ಸೇರಿದರು. ಅಂದಿನ ಕೊಡಲಿಯ ಹಿಂದೆ ತ್ಯಾಗವಿತ್ತು. ಕಾಡು ನಮ್ಮದಾಗಬೇಕೆಂಬ ಹಟವಿತ್ತು. ಕಾಡು ನಮ್ಮದಾಯಿತು. ಆಮೇಲೆ ನಾವು ಮಾಡಿದ್ದೇನು? 1950ರಲ್ಲಿ ಕೇಂದ್ರ ಮಂತ್ರಿಗಳಾಗಿದ್ದ ಕ. ಮಾ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದರು. ಮುಕ್ಕಾಲು ಶತಮಾನ ಉತ್ಸವ ನಡೆಯಿತು. ಉತ್ಸವದ ಗಿಡಗಳೆಲ್ಲ ಉಳಿದಿದ್ದರೆ ಇಂದು ನಮ್ಮ ಪೇಟೆಗಳಲ್ಲಿ ನಡೆಯಲು ದಾರಿ ಸಿಗುತ್ತಿರಲಿಲ್ಲ. ಸತ್ಯಾಗ್ರಹಿಗಳ ಕೊಡಲಿ ಕೆಲವು ತಿಂಗಳು ಆಡಿತು. ಸ್ವರಾಜ್ಯದಲ್ಲಿ ನಮ್ಮ ಅಲಕ್ಷ್ಯವೆಂಬ ಕೊಡಲಿ ಎಪ್ಪತ್ತೈದು ವರ್ಷ ಬಿಡುವಿಲ್ಲದೆ ಆಡುತ್ತಿದೆ.

ಇದಕ್ಕೆ ಕಾರಣ ಜನರಲ್ಲಿ ಪ್ರೀತಿಯ ಅಭಾವವಲ್ಲ, ರೀತಿಯ ದೋಷ. ಜೂನ್ 5ನೆಯ ತಾರೀಖಿಗೆ ಗುಂಡಿ ತೋಡುತ್ತಾರೆ. ಮೃಗಶಿರದ ಮಳೆ ಇನ್ನೂ ಹದವಾಗಿರುವುದಿಲ್ಲ. ಭಾಷಣವಾಗುತ್ತದೆ, ಭಾವಚಿತ್ರವಾಗುತ್ತದೆ, ಅದನ್ನು ಮರುದಿನ ನಾವೇ ಅಚ್ಚು ಹಾಕುತ್ತೇವೆ. ಮಾಘದಲ್ಲಿ ಹೋಗಿ ನೋಡಿದರೆ ಗುಂಡಿಯಿರುತ್ತದೆ, ಗಿಡವಿರುವುದಿಲ್ಲ. ಮುಂದಿನ ವರ್ಷದ ಗಿಡಕ್ಕೆ ಅದೇ ಗುಂಡಿ ಸಿದ್ಧವಾಗಿರುತ್ತದೆ. ಮಾಗಡಿ ತಾಲೂಕಿನ ಹುಲಿಕಲ್ಲಿನಿಂದ ಕುದೂರಿನವರೆಗೆ 385 ಆಲದ ಮರಗಳನ್ನು ಬೆಳೆಸಿ 2025ರಲ್ಲಿ ಕಾಲವಶರಾದ ಸಾಲುಮರದ ತಿಮ್ಮಕ್ಕನವರನ್ನು ಎಲ್ಲರೂ ಹೊಗಳುತ್ತೇವೆ. ಆ ತಾಯಿಯ ಹಿರಿಮೆ ಸಸಿಯನ್ನು ನೆಟ್ಟುದರಲ್ಲಿ ಇಲ್ಲ. ಕೊಡ ಹೊತ್ತು ನೀರೆರೆದುದರಲ್ಲಿ, ದನ ಮೇಯದಂತೆ ಮುಳ್ಳು ಕಟ್ಟಿದುದರಲ್ಲಿ ಇದೆ. ನಾವು ಆಕೆಯ ಕೆಲಸದ ಮೊದಲ ದಿನವನ್ನಷ್ಟೇ ಅನುಕರಿಸಿ ಉಳಿದ ದಿನಗಳನ್ನು ಬಿಟ್ಟಿದ್ದೇವೆ.

ಎರಡನೆಯ ದೋಷವೆಂದರೆ ಯಾವ ಗಿಡ, ಎಲ್ಲಿಗೆ ಎಂಬ ವಿವೇಚನೆಯಿಲ್ಲದಿರುವುದು. ಬೇಗನೆ ಹಸಿರು ತೋರಿಸುವ ಆಸೆಯಿಂದ ನೀಲಗಿರಿಯನ್ನೋ ಹೊರದೇಶದ ಇನ್ನಾವುದನ್ನೋ ತಂದು ಸಾಲು ಹಚ್ಚಿದರೆ ಎಣಿಕೆಗೆ ಮರವಾದೀತು. ಹಕ್ಕಿ ಗೂಡು ಕಟ್ಟಲಾರದು, ಕೆಳಗೆ ಹುಲ್ಲು ಏಳಲಾರದು. ಗೋಕಾವಿಯ ಗುಡ್ಡಕ್ಕೆ ಅದರದೇ ಆದ ಗಿಡಗಳುಂಟು: ದಿಂಡಲ, ಕಗ್ಗಲಿ, ತುಗ್ಗಲಿ, ಮಶವಾಳ, ಮುತ್ತಲ, ಬಾರಿ, ಕವಳಿ. ಹಳ್ಳದ ಬದಿಗೆ ಹುಲಗಲ, ಲಕ್ಕಿ, ಅತ್ತಿ. ಹೊಳೆಯ ದಂಡೆಗೆ ಹೊಳೆಮತ್ತಿ, ನೇರಲ, ಬಿದಿರು. ಇವುಗಳಲ್ಲಿ ಬಹಳಷ್ಟನ್ನು ನೆಡಬೇಕಾಗಿಯೇ ಇಲ್ಲ. ಕಡಿದರೂ ಸುಟ್ಟರೂ ಕುರುಚಲು ಗಿಡದ ಬೇರು ಬಂಡೆಯ ಸಂದಿಯಲ್ಲಿ ಜೀವ ಹಿಡಿದಿರುತ್ತದೆ. ನಾಲ್ಕು ಮಳೆಗಾಲ ಬೆಂಕಿಯನ್ನೂ ಕುಡುಗೋಲನ್ನೂ ದೂರವಿಟ್ಟರೆ ಅದು ತಾನಾಗಿಯೇ ಆಳೆತ್ತರ ಏಳುತ್ತದೆ. ಅದರ ಹಣ್ಣಿಗೆ ಪಿಕಳಾರ ಬರುತ್ತದೆ, ಬಾವಲಿ ಬರುತ್ತದೆ, ನರಿ ಬರುತ್ತದೆ. ಅವು ತಂದುಹಾಕಿದ ಬೀಜದಿಂದ ಮುಂದಿನ ಗಿಡ ಹುಟ್ಟುತ್ತದೆ. ಕಾಡುಪ್ರಾಣಿಗಳು ಕಾಡಿನ ಬಾಡಿಗೆದಾರರಲ್ಲ, ಅದರ ರೈತರು. ಅವುಗಳಿಲ್ಲದೆ ಕಾಡನ್ನು ಬೆಳೆಸುತ್ತೇವೆಂಬುದು ಒಕ್ಕಲಿಗನಿಲ್ಲದೆ ಹೊಲವನ್ನು ಬೆಳೆಸುತ್ತೇವೆಂಬಂತೆ.

ಎಲ್ಲ ಬಯಲನ್ನೂ ಮರಗಳಿಂದ ತುಂಬಬೇಕೆಂಬುದೂ ತಪ್ಪೇ. ಹುಲ್ಲುಗಾವಲು ಮೊಲಕ್ಕೆ, ತೋಳಕ್ಕೆ, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿಗೆ ಮನೆಯಾಗಿದೆ. ಕುರುಬನ ಕುರಿಗೆ ಅನ್ನವಾಗಿದೆ. ಅಲ್ಲಿ ಗುಂಡಿ ತೋಡಿ ಸಾಲುಮರ ಹಚ್ಚುವುದು ಒಬ್ಬನ ಮನೆಯನ್ನು ಕೆಡವಿ ಇನ್ನೊಬ್ಬನಿಗೆ ಕಟ್ಟಿದಂತೆ. ನೆಲದ ಗುಣವನ್ನರಿತು ಮರವಿದ್ದಲ್ಲಿ ಮರ, ಪೊದೆಯಿದ್ದಲ್ಲಿ ಪೊದೆ, ಹುಲ್ಲಿದ್ದಲ್ಲಿ ಹುಲ್ಲು ಉಳಿಯಬೇಕು.

ನಮ್ಮ ಸೀಮೆಗೆ ಈ ಪಾಠ ಹೊಸದಾಗಬಾರದು. ಬ್ರಿಟಿಷರ ಕಾಲದಲ್ಲಿ ನೀರಾವರಿಗಾಗಿ ಧೂಪದಾಳದಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿದರು. ಹಿಂದೆ ನಿಂತ ನೀರಿನಲ್ಲಿ ನಡುಗಡ್ಡೆಗಳಾದವು. ನಡುಗಡ್ಡೆಗಳಲ್ಲಿ ಗಿಡಗಳು ಬೆಳೆದವು. ಗಿಡಗಳಿಗೆ ಹಕ್ಕಿಗಳು ಬಂದವು. ಯಾರೂ ಆಮಂತ್ರಿಸಲಿಲ್ಲ. ಚಳಿಗಾಲಕ್ಕೆ ಮಧ್ಯ ಏಷ್ಯದಿಂದ ಬರುವ ಕ್ರೌಂಚಗಳಿಗಾಗಿ ಹೆಸರಾದ ಈ ತಾಣವನ್ನು 1974ರಲ್ಲಿ ಘಟಪ್ರಭಾ ಪಕ್ಷಿಧಾಮವೆಂದು ಸಾರಲಾಯಿತು. ಅದರ ವಿಸ್ತಾರ 29.78 ಚದರ ಕಿಲೋಮೀಟರು. ನೀರು, ನೆರಳು, ನಿರ್ಭಯ ಈ ಮೂರನ್ನು ಕೊಟ್ಟರೆ ಹಕ್ಕಿಗಳು ಖಂಡಗಳನ್ನು ದಾಟಿ ಬರುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಧೂಪದಾಳದಲ್ಲಿ ದೈವವಶದಿಂದ ಆದುದನ್ನು ಮೂರು ಪಟ್ಟಣಗಳಲ್ಲಿ ಬುದ್ಧಿಪೂರ್ವಕವಾಗಿ ಮಾಡಬೇಕೆಂಬುದಷ್ಟೇ ನಮ್ಮ ಬೇಡಿಕೆ.

ಇನ್ನು ಆಯಾ ಊರಿನ ಕೆಲಸ. ಗೋಕಾಕದಲ್ಲಿ ಮೊದಲಿನದು ಗುಡ್ಡ. ಊರಿನತ್ತ ಮುಖ ಮಾಡಿದ ಇಳಿಜಾರುಗಳಲ್ಲಿ ಬೇಸಿಗೆಯ ಬೆಂಕಿಯನ್ನು ತಡೆಯಲು ಶಿವರಾತ್ರಿಗೆ ಮುಂಚೆಯೇ ಬೆಂಕಿರೇಖೆ ಕತ್ತರಿಸಬೇಕು. ಕಲ್ಲು ತೆಗೆಯುವುದು ನಿಲ್ಲಬೇಕು. ಅಡ್ಡ ಬದುಗಳನ್ನು ಕಟ್ಟಿ ಮಣ್ಣನ್ನು ಹಿಡಿಯಬೇಕು. ಯೋಗಿಕೊಳ್ಳದಂತಹ ಕಣಿವೆಯಲ್ಲಿ ದೇವರ ಹೆಸರಿನಿಂದ ಉಳಿದ ಹಸಿರನ್ನು ಬೀಜದ ಕಣಜವೆಂದು ಕಾಯಬೇಕು. ಮೂಡಲಗಿ ಕಾಲುವೆಯ ಸೀಮೆ. ಅಲ್ಲಿ ನೀರು ಕಡಿಮೆಯೆಂಬ ಕೊರಗಿಗಿಂತ ಕಬ್ಬಿಗೆ ನೀರು ಹೆಚ್ಚಾಗಿ ನೆಲ ಸವಳು ಜವಳಾಗುವ ಭಯವೇ ದೊಡ್ಡದು. ಬದುವಿನ ಜಾಲಿ ಬೇವುಗಳನ್ನು ಟ್ರ್ಯಾಕ್ಟರಿಗೆ ಅಡ್ಡಿಯೆಂದು ಕಿತ್ತವರು ನೆಲದ ಹೆಚ್ಚಿನ ನೀರನ್ನು ಹೀರಿ ಗಾಳಿಗೆ ಬಿಡುತ್ತಿದ್ದ ಯಂತ್ರವನ್ನೇ ಕಿತ್ತಂತಾಯಿತು. ಕಾಲುವೆಯ ದಂಡೆ, ಹಳ್ಳದ ಎರಡು ಬದಿ, ಹೊಲದ ಬದು ಇವುಗಳಲ್ಲಿ ಸವಳು ತಾಳುವ ಗಿಡಗಳು ಮರಳಬೇಕು. ಹುಕ್ಕೇರಿ ತಾಲೂಕಿನ ಪಾಲು ಹಿಡಕಲ್ಲಿನ ಹಿನ್ನೀರಿನ ಅಂಚು. ಸುತ್ತಲಿನ ಬೋಳು ಇಳಿಜಾರಿನಿಂದ ಇಳಿದ ಹೂಳು ಜಲಾಶಯದ ತಳದಲ್ಲಿ ನೀರಿನ ಜಾಗವನ್ನು ಕಬಳಿಸುತ್ತದೆ. ಆ ಅಂಚಿನ ಪ್ರತಿಯೊಂದು ಪೊದೆಯೂ ಆಣೆಕಟ್ಟಿನ ಒಂದು ಕಲ್ಲಿನಷ್ಟೇ ಬೆಲೆಯುಳ್ಳದ್ದು. ಪಟ್ಟಣದೊಳಗೆ ಆದಿಲಶಾಹಿ ಗುಮ್ಮಟಗಳ ಸುತ್ತಲಿನ ಬಯಲು ಹೂವಿನಕೇರಿಯೆಂಬ ಹೆಸರಿಗೆ ಮತ್ತೆ ತಕ್ಕುದಾಗಲಿ.

ಹೀಗೆ ಹೇಳುವಾಗ ನಮಗೆ ಒಂದು ಅಳುಕೂ ಉಂಟು. ಹಸಿರಿನ ಹೆಸರಿನಲ್ಲಿ ಮೊದಲು ಏಟು ಬೀಳುವುದು ಬಡವನ ಬೆನ್ನಿಗೆ. ಹಳ್ಳದ ದಂಡೆಯ ಅತಿಕ್ರಮಣವೆಂದರೆ ಅಧಿಕಾರಿಗಳ ಕಣ್ಣಿಗೆ ತಟ್ಟನೆ ಬೀಳುವುದು ತಗಡಿನ ಗುಡಿಸಲು. ಹಳ್ಳವನ್ನೇ ಮುಚ್ಚಿ ಎಬ್ಬಿಸಿದ ಮಹಡಿ ಕಣ್ಣಿಗೆ ಬೀಳುವುದಿಲ್ಲ. ಗುಡ್ಡಕ್ಕೆ ಬೇಲಿ ಹಾಕಿದರೆ ಮೊದಲು ಹೊರಗುಳಿಯುವವಳು ಒಂದು ಹೊರೆ ಕಟ್ಟಿಗೆಗೆ ಬರುವ ಮುದುಕಿ. ದಂಡೆಯಿಂದ ಏಳಬೇಕಾದ ಮನೆಗಳಿಗೆ ಎತ್ತರದ ಜಾಗದಲ್ಲಿ ಸೂರು ಮೊದಲು ಆಗಲಿ, ತೆರವು ಆಮೇಲೆ ಆಗಲಿ. ಗುಡ್ಡವನ್ನು ಒಮ್ಮೆಲೇ ಮುಚ್ಚದೆ ಪಾಳಿಯ ಮೇಲೆ ಭಾಗಭಾಗವಾಗಿ ಕಾಯ್ದರೆ, ಕಾದ ಭಾಗದ ಹುಲ್ಲನ್ನು ಕೊಯ್ದೊಯ್ಯುವ ಹಕ್ಕನ್ನು ಆಡು ಕುರಿ ಸಾಕುವವರಿಗೇ ಕೊಟ್ಟರೆ, ಅವರೇ ಗುಡ್ಡದ ಅತ್ಯುತ್ತಮ ಕಾವಲುಗಾರರಾಗುತ್ತಾರೆ. ಇದನ್ನು ಮರೆತ ಯೋಜನೆ 1930ರ ಪರಕೀಯ ಕಾನೂನಿನ ಮರುಮುದ್ರಣವಾದೀತೇ ಹೊರತು ಸ್ವರಾಜ್ಯದ ಕೆಲಸವಾಗದು.

ಕಾನೂನಿನ ಅಭಾವವೆಂದು ಯಾರೂ ಹೇಳುವಂತಿಲ್ಲ. 1976ರ ಕರ್ನಾಟಕ ವೃಕ್ಷಸಂರಕ್ಷಣೆಯ ಕಾಯಿದೆಯಿದೆ. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ಸಮಿತಿಯನ್ನು ರಚಿಸಿ ತನ್ನ ಗಿಡಮರ ಪ್ರಾಣಿಪಕ್ಷಿಗಳ ದಾಖಲೆಯನ್ನಿಡಬೇಕು. ನಮ್ಮ ಪುರಪಿತೃಗಳಲ್ಲಿ ಎಷ್ಟು ಜನರು ಆ ದಾಖಲೆಯನ್ನು ತೆರೆದು ಓದಿದ್ದಾರೆ? ಅಧಿಕಾರಿಗಳು ವರ್ಗವಾಗಿ ಹೋಗುತ್ತಾರೆ. ಗಿಡವು ಮರವಾಗಲು ಬೇಕಾದ ಕಾಲದಲ್ಲಿ ಐದಾರು ಜನ ಬಂದು ಹೋಗಿರುತ್ತಾರೆ. ಊರಿನವರು ವರ್ಗವಾಗುವುದಿಲ್ಲ. ಆದುದರಿಂದ ಭಾರವು ಊರಿನವರ ಮೇಲೆಯೇ.

ಹಿಂದುಸ್ತಾನೀ ಸೇವಾದಲವನ್ನು ಕಟ್ಟಿದ ಡಾ. ನಾ. ಸು. ಹರ್ಡೀಕರರ ಹೆಸರಿನೊಡನೆ ಘಟಪ್ರಭೆಯ ಹೆಸರು ಬೆರೆತಿದೆ. ಶಿಸ್ತಿನ ಸ್ವಯಂಸೇವಕರಿಲ್ಲದೆ ಯಾವ ದೊಡ್ಡ ಕೆಲಸವೂ ನಿಲ್ಲದೆಂಬುದು ಅವರ ಬಾಳಿನ ಪಾಠ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆದಾಗ, ಬಂದ ಜನಕ್ಕೆ ನೀರು ಸಾಲದೆಂದು ಒಂದು ಬಾವಿಯನ್ನು ತೋಡಿಸಿದರು. ಆ ಬಾವಿ ಇಂದಿಗೂ ಇದೆ. ಕೆಲವು ದಿನಗಳ ಸಭೆಗಾಗಿ ನೀರಿನ ಚಿಂತೆಯನ್ನು ಮೊದಲು ಮಾಡಿದ ಹಿರಿಯರ ಮಕ್ಕಳು ನಾವು, ನೂರು ವರ್ಷ ಬಾಳಬೇಕಾದ ಊರುಗಳ ನೀರಿನ ಚಿಂತೆಯನ್ನು ಕೊನೆಗಿಟ್ಟಿದ್ದೇವೆ.

ನಾವು ಕೇಳುವುದು ಬಹಳವಲ್ಲ. ಪ್ರತಿವರ್ಷ ಮಳೆಗಾಲದಲ್ಲಿ ಎಷ್ಟು ಗಿಡ ನೆಟ್ಟೆವೆಂದು ಮೂರೂ ಊರುಗಳ ಸಂಸ್ಥೆಗಳು ಪ್ರಕಟಿಸುತ್ತವೆ. ಇನ್ನು ಮುಂದೆ ಯುಗಾದಿಯ ಹೊತ್ತಿಗೆ, ಕಡುಬೇಸಿಗೆಯ ಮುಖದಲ್ಲಿ, ಮೂರು ವರ್ಷಗಳ ಹಿಂದೆ ನೆಟ್ಟವುಗಳಲ್ಲಿ ಎಷ್ಟು ಬದುಕಿವೆ, ಕಾದ ಗುಡ್ಡದಲ್ಲಿ ಎಷ್ಟು ಎಕರೆಗೆ ಆ ವರ್ಷ ಬೆಂಕಿ ತಾಗಲಿಲ್ಲ ಎಂಬ ಲೆಕ್ಕವನ್ನು ಪ್ರಕಟಿಸಲಿ. ಶಾಲೆಯ ಮಾಸ್ತರರೂ ಮಕ್ಕಳೂ ಹೋಗಿ ಎಣಿಸಿ ಬರಲಿ. ಆ ಲೆಕ್ಕಕ್ಕೆ ಈ ಪುಟದಲ್ಲಿ ಪ್ರತಿವರ್ಷ ಸ್ಥಳವನ್ನು ಮೀಸಲಿಡುತ್ತೇವೆ. ಗುಂಡಿಯ ಪಕ್ಕದಲ್ಲಿ ನಿಂತವರ ಭಾವಚಿತ್ರಕ್ಕೆ ಇನ್ನು ಸ್ಥಳವಿಲ್ಲ. ಮೂರು ವರ್ಷದ ಗಿಡದ ಪಕ್ಕದಲ್ಲಿ ನಿಂತವರದಿದ್ದರೆ ಸಂತೋಷದಿಂದ ಹಾಕುತ್ತೇವೆ. ಮರದ ತಿರುಳಿನಿಂದಾದ ಕಾಗದದ ಮೇಲೆ ದಿನವೂ ಅಚ್ಚಾಗುವ ನಾವು ಇಷ್ಟಾದರೂ ಸಾಲ ತೀರಿಸಬೇಕು.

ಪಂಚಮಿ ಬಂದರೆ ನಮ್ಮ ಸೀಮೆಯ ಹೆಣ್ಣುಮಕ್ಕಳು ಜೋಕಾಲಿ ಕಟ್ಟುತ್ತಾರೆ. ಈಗ ಎಷ್ಟೋ ಓಣಿಗಳಲ್ಲಿ ಅದು ಮನೆಯೊಳಗಿನ ತೊಲೆಗೆ ಹೋಗಿದೆ. ಹೊರಗೆ ಹಗ್ಗ ಹಾಕಲು ಟೊಂಗೆಯಿಲ್ಲ. ತವರಿಗೆ ಬಂದ ಮಗಳಿಗೆ ಒಂದು ಟೊಂಗೆಯನ್ನು ತೋರಿಸಲಾರದ ಊರು ಎಷ್ಟು ದೊಡ್ಡದಾದರೇನು? ಇಂದು ಕಾದ ಗಿಡ ಹತ್ತು ಹದಿನೈದು ಪಂಚಮಿಗಳಲ್ಲಿ ಹಗ್ಗ ತಾಳುವಷ್ಟಾಗುತ್ತದೆ. ಮೃಗಶಿರ ಹದವಾಗುವುದನ್ನು ನೋಡಿ ಕೈಹಚ್ಚಿರೆಂದು ಗೋಕಾಕ, ಮೂಡಲಗಿ, ಹುಕ್ಕೇರಿಗಳ ಮಹಾಜನರಲ್ಲಿ ನಮ್ಮ ವಿಜ್ಞಾಪನೆ.